ಬಿಡಿಎಸ್ ಆನ್‌ಲೈನ್ ಪಾಠ: ಯಾವ ಹಂತ ನಡೀತು, ಯಾವುದು ನಡೀಲಿಲ್ಲ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಬರೀರಿ

ನವಲೂರ ಪೇರಲ
2020ರ ಮಾರ್ಚ್ 25ಕ್ಕೆ ಲಾಕ್‌ಡೌನ್, 2021ರ ಏಪ್ರಿಲ್-ಮೇನಲ್ಲಿ ಎರಡನೇ ಅಲೆ. ಆ ಅವಧಿಯಲ್ಲಿ ಬಿಡಿಎಸ್ (ದಂತವೈದ್ಯ ಪದವಿ) ಓದಿದವರನ್ನ ಕೇಳಿದರೆ "ಥಿಯರಿ ಪರವಾಗಿಲ್ಲ, ಪ್ರ್ಯಾಕ್ಟಿಕಲ್ ಶೂನ್ಯ" ಅಂತಾರೆ. ಬೇರೆ ಬೇರೆ ದೇಶಗಳಲ್ಲಿ ಡೆಂಟಲ್ ವಿದ್ಯಾರ್ಥಿಗಳನ್ನ ಕೇಳಿ ಮಾಡಿದ ಸಮೀಕ್ಷೆಗಳಲ್ಲೂ ಹೆಚ್ಚುಕಡಿಮೆ ಇದೇ ಮಾತು ಬಂದಿದೆ. ಆದರೆ ಈ ಒಂದು ಸಾಲು ಹಿಡಕೊಂಡು ಮುಂದಿನ ಸಲಕ್ಕೆ ಯೋಜನೆ ಮಾಡೋಕೆ ಬರೋದಿಲ್ಲ. ಕಾರ್ವಿಂಗ್, ಪ್ಲಾಸ್ಟರ್, ಕ್ಯಾವಿಟಿ, ಇಂಜೆಕ್ಷನ್, ಕೇಸ್ ಹಿಸ್ಟರಿ ಎಲ್ಲಾ "ಪ್ರ್ಯಾಕ್ಟಿಕಲ್" ಅನ್ನೋ ಒಂದೇ ಚೀಲದೊಳಗೆ ಹೋದವು. ಒಂದೊಂದಾಗಿ ಬಿಡಿಸಿ ಬರೀರಿ. ಅಳತೆ, ಹಂತ, ಎಲ್ಲಿ ಕೆಡ್ತದೆ, ಯಾಕೆ ಕೆಡ್ತದೆ. ಅನುಭವ ಕಥನ ಬೇಡ. ಕಾಲೇಜಿನ ಹೆಸರು, ಮೇಷ್ಟ್ರ ಹೆಸರು ಬೇಡ.

ಮೇಣದ ಬಿಲ್ಲೆ
ಮೊದಲ ವರ್ಷದ, ಮೇಣದಲ್ಲಿ ಹಲ್ಲು ಕೆತ್ತೋ ಟೂತ್ ಕಾರ್ವಿಂಗ್‌ನಿಂದ ಶುರು ಮಾಡ್ತೀನಿ. ಮನೆಯಲ್ಲಿ ಆಗೋದಿಲ್ಲ ಅಂತ ಬಹಳ ಕಡೆ ಮೊದಲಿಗೆ ಕೈಬಿಟ್ಟದ್ದು ಇದನ್ನ, ನಿಜ ನೋಡಿದರೆ ಮನೆಯಲ್ಲಿ ಚೆನ್ನಾಗಿ ಆಗುವಂಥದ್ದೂ ಇದೇ. ಮೇಣದ ಬ್ಲಾಕ್, ಲೆಕ್ರಾನ್ ಕಾರ್ವರ್, ವ್ಯಾಕ್ಸ್ ನೈಫ್, ಸ್ಟೀಲ್ ಸ್ಕೇಲ್, ಚೂಪು ಪೆನ್ಸಿಲ್ ಸಾಕು. ಕರೆಂಟ್ ಬೇಡ, ಬೆಂಕಿ ಬೇಡ.

ಮೇಲ್ದವಡೆಯ ಸೆಂಟ್ರಲ್ ಇನ್ಸೈಸರ್ (ನಡುವಿನ ಮುಂದಿನ ಹಲ್ಲು) ತಗೊಳ್ಳಿ. ಕ್ರೌನ್ ಉದ್ದ 10.5 ಮಿ.ಮೀ., ಬೇರು 13, ಮೀಸಿಯೋ-ಡಿಸ್ಟಲ್ (ಬಾಯಿಯ ನಡುಗೆರೆ ಕಡೆಯಿಂದ ಆಚೆ ಕಡೆಗೆ) ಅಗಲ 8.5, ಲೇಬಿಯೋ-ಲಿಂಗ್ವಲ್ (ತುಟಿ ಕಡೆಯಿಂದ ನಾಲಗೆ ಕಡೆಗೆ) ದಪ್ಪ 7. ಕುತ್ತಿಗೆಯ ಹತ್ತಿರ ಅಗಲ 7, ದಪ್ಪ 6. ಎರಡು ಪಟ್ಟು ಕೆತ್ತಿಸುವುದಾದರೆ 21, 26, 17, 14. ಸರ್ವೈಕಲ್ (ಕುತ್ತಿಗೆಯ) ಗೆರೆ ಮೀಸಿಯಲ್ ಕಡೆ 3.5 ಮಿ.ಮೀ. ಕಚ್ಚುವ ಅಂಚಿನತ್ತ ಬಾಗ್ತದೆ, ಡಿಸ್ಟಲ್ ಕಡೆ 2.5. ಇದನ್ನ ಎರಡೂ ಕಡೆ ಒಂದೇ ಮಟ್ಟ ಮಾಡಿ ಬಿಡೋದು ಮಾಮೂಲಿ ತಪ್ಪು.

ಕೆಲಸದ ಕ್ರಮ ಹೀಗೆ: ಮೊದಲು ಪ್ರಾಕ್ಸಿಮಲ್ (ಪಕ್ಕದ ಹಲ್ಲಿನ ಕಡೆಯ) ಮುಖದ ಮೇಲೆ ಆಕಾರ ಬರೆದು, ಲೇಬಿಯಲ್ ಮತ್ತು ಲಿಂಗ್ವಲ್ ಕಡೆಯ ಹೆಚ್ಚುವರಿ ಮೇಣ ತೆಗೀಬೇಕು. ಈಗ ಲೇಬಿಯಲ್ ಮುಖ ಬಾಗಿರ್ತದೆ. ಆ ಬಾಗಿದ ಮೇಲ್ಮೈ ಮೇಲೆ ಲೇಬಿಯಲ್ ಆಕಾರ ಹೊಸದಾಗಿ ಬರೆದು ಮೀಸಿಯಲ್, ಡಿಸ್ಟಲ್ ಕಡೆಯ ಮೇಣ ತೆಗೀಬೇಕು. ಆರಂಭದಲ್ಲೇ ನಾಲ್ಕೂ ಮುಖದ ಮೇಲೆ ಗೆರೆ ಎಳೆದು ಕೂತರೆ, ಮೊದಲ ಕಡಿತಕ್ಕೇ ಉಳಿದ ಗೆರೆ ಹೋಗ್ತವೆ. ಆಮೇಲೆ ಕಣ್ಣಂದಾಜು, ಅಲ್ಲಿಂದ ಹಲ್ಲು ಸೊಟ್ಟ.

ಆನ್‌ಲೈನಿನಲ್ಲಿ ಎಡವಿದ್ದು ಎಲ್ಲಿ ಅಂದರೆ, ಬ್ಲಾಕಿನಿಂದ ಮುಗಿದ ಹಲ್ಲಿನವರೆಗೆ ಒಂದೇ ಉದ್ದನೆಯ ವಿಡಿಯೋ ಕಳಿಸಿ, ಕೊನೆಗೆ ಲೇಬಿಯಲ್ ಮುಖದ ಒಂದು ಫೋಟೋ ತರಿಸಿಕೊಂಡರು. ಲೇಬಿಯಲ್ ಫೋಟೋದಲ್ಲಿ ಎಂಥ ಹಲ್ಲೂ ಚೆಂದ ಕಾಣ್ತದೆ. ಇನ್ಸೈಸಲ್ (ಕಚ್ಚುವ ಅಂಚಿನ) ಕಡೆಯಿಂದ ನೋಡಿದರೆ ಇನ್ನೂ ಚೌಕದ ಬ್ಲಾಕೇ ಇರ್ತದೆ. ಲಿಂಗ್ವಲ್ ಕಡೆಗೆ ಕಿರಿದಾಗಬೇಕಾದ್ದು ಆಗಿರೋದೇ ಇಲ್ಲ, ಸಿಂಗ್ಯುಲಮ್ (ಒಳಬದಿಯ ಉಬ್ಬು) ಇರೋದಿಲ್ಲ. ಆ ಹೊತ್ತಿಗೆ ತಿದ್ದೋಕೆ ಮೇಣವೂ ಉಳಿದಿರೋದಿಲ್ಲ.

ಅದಕ್ಕೆ ನಾಲ್ಕು ಕಡೆ ನಿಲ್ಲಿಸಿ ತೋರಿಸಬೇಕು: ಗುರುತು ಹಾಕಿದ ಮೇಲೆ, ಪ್ರಾಕ್ಸಿಮಲ್ ಕಡಿತ ಆದ ಮೇಲೆ, ಲೇಬಿಯಲ್ ಕಡಿತ ಆದ ಮೇಲೆ, ಕೊನೆಗೆ ಐದೂ ಮುಖ. ಒಂದು ಹಂತ ಸರಿ ಅನ್ನೋ ಉತ್ತರ ಬರುವ ತನಕ ಮುಂದಿನ ಚೂರು ಮೇಣ ತೆಗೆಯಬಾರದು. ಎರಡನೇ ಹಂತದ ಉತ್ತರ ತಡವಾದರೆ ಇಡೀ ಪದ್ಧತಿ ಬಿದ್ದುಹೋಗ್ತದೆ.

ಹಾನಗಲ್ ಮಳೆ
ಮೇಡಂ, ನಾಲ್ಕು ಹಂತ ಅಂದರೆ ಒಬ್ಬೊಬ್ಬರು ದಿನಕ್ಕೆ ನಾಲ್ಕು ಸಲ ವಿಡಿಯೋ ಕಾಲ್‌ಗೆ ಬರಬೇಕಾ? ನಮ್ಮ ಕಡೆ ಮಳೆಗಾಲದಾಗ ಕರೆಂಟ್ ಹೋತಂದ್ರ ಸ್ವಲ್ಪ ಹೊತ್ತಿಗೆ ಟವರೂ ಹೋಗ್ತೈತಿ. ದಿನಕ್ಕ ಒಂದೂವರೆ ಜಿಬಿ ಪ್ಯಾಕು, ಮನಿಯಾಗ ಎರಡು ಮಕ್ಕಳು ಓದೋರು.

ಮೇಣದ ಬಿಲ್ಲೆ
ವಿಡಿಯೋ ಬೇಡವೇ ಬೇಡ. ಫೋಟೋ ಸಾಕು, ಆದರೆ ಸರಿಯಾಗಿ ತೆಗೆದ ಫೋಟೋ. ಮೊಬೈಲನ್ನ ಹತ್ತು ಸೆಂಟಿಮೀಟರ್ ಹತ್ತಿರ ಹಿಡಿದರೆ ಮುಂದಿನ ಭಾಗ ದೊಡ್ಡದಾಗಿ, ಹಿಂದಿನದು ಸಣ್ಣದಾಗಿ ಬರ್ತದೆ. ಮೇಷ್ಟ್ರು ಇಲ್ಲದ ತಪ್ಪು ತಿದ್ದುತ್ತಾರೆ. 30-40 ಸೆಂಟಿಮೀಟರ್ ದೂರ ಹಿಡಿದು ಎರಡು ಪಟ್ಟು ಜೂಮ್ ಮಾಡಿ. ಸ್ಕೇಲು ಹಲ್ಲಿನ ಪಕ್ಕ, ಅದೇ ಎತ್ತರಕ್ಕೆ ಇರಬೇಕು. ಮೇಜಿನ ಮೇಲೆ ಕೆಳಗೆ ಇಟ್ಟ ಸ್ಕೇಲು ಸುಳ್ಳು ಅಳತೆ ತೋರಿಸ್ತದೆ. ಹಿಂದೆ ಕಪ್ಪು ಬಟ್ಟೆ, ಬೆಳಕು ಒಂದು ಪಕ್ಕದ ಕಿಟಕಿಯಿಂದ. ಫ್ಲ್ಯಾಶ್ ಹಾಕಿದರೆ ಉಬ್ಬು-ತಗ್ಗು ಎಲ್ಲಾ ಚಪ್ಪಟೆ.

ಇನ್ನೊಂದು: ಏಪ್ರಿಲ್-ಮೇ ಬಿಸಿಲಿಗೆ ಮೇಣ ಕೈಯಲ್ಲೇ ಮೆತ್ತಗಾಗ್ತದೆ. ಚಾಕು ಕತ್ತರಿಸೋ ಬದಲು ಎಳೀತದೆ, ಮೇಲ್ಮೈ ಕಿತ್ತುಬರ್ತದೆ. ಆಗಾಗ ಕೊಡದ ತಣ್ಣೀರಲ್ಲಿ ಮುಳುಗಿಸಿ, ಒರೆಸಿ ಮುಂದುವರಿಸಿ. ಫ್ರಿಜ್‌ನಲ್ಲಿ ಇಟ್ಟರೆ ಪೆಡಸಾಗಿ ಇನ್ಸೈಸಲ್ ಅಂಚು ಪುಡಿಯಾಗಿ ಉದುರ್ತದೆ.

ಸರ್ವರ್ ಕೋಣೆ
ಡೇಟಾ ವಿಚಾರ ಬಂತು, ಅದಕ್ಕೆ ಬರೀತೀನಿ. 480ಪಿ ವಿಡಿಯೋ ಗಂಟೆಗೆ ಸುಮಾರು ಅರ್ಧ ಜಿಬಿ ತಿನ್ನುತ್ತದೆ. ದಿನಕ್ಕೆ ಮೂರು ಕ್ಲಾಸ್ ಲೈವ್ ಇಟ್ಟರೆ ಒಂದೂವರೆ ಜಿಬಿ ಅಲ್ಲಿಗೇ ಮುಗೀತು. ಅದೇ ಪಾಠವನ್ನ ಸ್ಲೈಡುಗಳ ಪಿಡಿಎಫ್ ಮತ್ತು ಬೇರೆ ಆಡಿಯೋ ಫೈಲ್ ಮಾಡಿ ಕಳಿಸಿದರೆ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಸಾಕು. ಲೈವ್ ಇಟ್ಟುಕೊಳ್ಳೋದು ಪ್ರಶ್ನೆ ಕೇಳೋಕೆ ಮಾತ್ರ. ಝೂಮ್‌ನ ಉಚಿತ ಖಾತೆಯಲ್ಲಿ ಗುಂಪಿನ ಕರೆ 40 ನಿಮಿಷಕ್ಕೆ ಕಡಿದುಹೋಗೋದು ಎಲ್ಲರಿಗೂ ಕಿರಿಕಿರಿ ಆಗಿತ್ತು, ಆದರೆ ಪ್ರಶ್ನೋತ್ತರಕ್ಕೆ 40 ನಿಮಿಷ ಧಾರಾಳ ಆಗ್ತದೆ.

ವಾಟ್ಸಾಪಲ್ಲಿ ಫೋಟೋವನ್ನ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡ್ತದೆ. ಮೇಡಂ ಹೇಳಿದ ಕಾರ್ವಿಂಗ್ ಫೋಟೋ ಆಗಲಿ, ಎಕ್ಸ್‌ರೇ ಆಗಲಿ, "ಡಾಕ್ಯುಮೆಂಟ್" ಅಂತ ಕಳಿಸಿ. ನೆಟ್ ಇದ್ದಾಗ ಬೆಳಗಿನ ಜಾವ ಇಳಿಸಿಕೊಳ್ಳುವಂತೆ ಹಿಂದಿನ ರಾತ್ರಿಯೇ ಫೈಲ್ ಹಾಕಬೇಕು, ಬೆಳಿಗ್ಗೆ 9ಕ್ಕೆ ಹಾಕಿ 10ಕ್ಕೆ ಓದಿದ್ದೀರಾ ಅಂತ ಕೇಳೋದಲ್ಲ.

ಲಾಗಿನ್ ಸಮಯ ನೋಡಿ ಹಾಜರಿ ಹಾಕೋ ಪದ್ಧತಿ ಬಗ್ಗೆ ವಿದ್ಯಾರ್ಥಿಗಳಿಗೆ ಇದ್ದ ಸಿಟ್ಟು ನ್ಯಾಯವೇ. ಅದು ಟವರಿನ ಹಾಜರಿ. ಕ್ಲಾಸ್ ಆದ ಮೇಲೆ ಸಂಜೆಯೊಳಗೆ ಮೂರು ಸಣ್ಣ ಪ್ರಶ್ನೆಗೆ ಉತ್ತರ ತರಿಸಿಕೊಂಡು ಅದನ್ನೇ ಹಾಜರಿ ಅಂದರೆ ಸರಿಹೋಗ್ತದೆ.

ಲ್ಯಾಬ್ ಕಾಕಾ
ಎಲ್ಲಾರೂ ಮನಿಗೆ ಕಿಟ್ ಕಳಸ್ರಿ, ಕಿಟ್ ಕಳಸ್ರಿ ಅಂತಾರ. ಮೇಣದ ಕಿಟ್ ಕಳಸ್ರಿ, ಅಡ್ಡಿ ಇಲ್ಲ. ಎರಡನೇ ವರ್ಷದ ಪ್ರೊಸ್ತೋ (ಕಟ್ಟಿದ ಹಲ್ಲಿನ ವಿಷಯ) ಕಿಟ್ ಕಳಸೂಮುಂದ ವಿಚಾರ ಮಾಡ್ರಿ.

ಪ್ಲಾಸ್ಟರ್ ಮೊದಲ ನೋಡೂಣು. ನೂರು ಗ್ರಾಂ ಪ್ಲಾಸ್ಟರಿಗೆ 45ರಿಂದ 50 ಮಿ.ಲೀ. ನೀರು, ಡೆಂಟಲ್ ಸ್ಟೋನಿಗೆ 28ರಿಂದ 30. ಮೊದಲ ನೀರು ಹಾಕಿ, ಅದರ ಮ್ಯಾಲೆ ಪುಡಿ ಸಾವಕಾಶ ಉದುರಸ್ರಿ, ಅದು ನೀರು ಕುಡಿಯೂತನಕ ತಡೀರಿ, ಆಮ್ಯಾಲೆ ಒಂದು ನಿಮಿಷದೊಳಗ ಕಲಸಿ ಮುಗಸ್ರಿ. ಪುಡಿ ಮ್ಯಾಲೆ ನೀರು ಸುರದ್ರ ಗುಳ್ಳಿ ಬರತಾವ. ಮನಿಯಾಗ ತಕ್ಕಡಿ ಇರಂಗಿಲ್ಲ, ಕಣ್ಣಳತಿ ಮಾಡತಾರ, ನೀರು ಜಾಸ್ತಿ ಆಗತೈತಿ, ಕ್ಯಾಸ್ಟ್ (ಪ್ಲಾಸ್ಟರಿನ ದವಡಿ ಮಾದರಿ) ಉಗುರಿಲೆ ಕೆರದ್ರ ಉದುರತೈತಿ. ಅಳತಿ ಕಪ್ಪು ಮತ್ತ ಮೊದಲ ತೂಗಿ ಕಟ್ಟಿದ ನೂರು ಗ್ರಾಮಿನ ಪುಡಿಕಿ ಕೊಟ್ಟ ಕಳಸಿದ್ರ ಇದು ತಪ್ಪತೈತಿ.

ಇನ್ನ ಮಳಿ. ಹಾನಗಲ್ ಕಡಿ ಜುಲೈದಾಗ ಚೀಲ ಬಿಚ್ಚಿ ಇಟ್ರ ಪುಡಿ ಗಾಳ್ಯಾಗಿನ ಪಸಿ ಹಿಡೀತೈತಿ. ಸ್ವಲ್ಪ ಹಿಡದ್ರ ಭಾಳ ಲಗೂ ಸೆಟ್ ಆಗತೈತಿ, ಬೌಲಿನ್ಯಾಗ ಗಟ್ಟಿ. ಪೂರಾ ಹಿಡದ್ರ ಉಲ್ಟಾ, ತಾಸುಗಟ್ಟಲೆ ಮೆತ್ತಗ ಉಳೀತೈತಿ. ಹುಡುಗ್ರು ನೀರಿನ ಅಳತಿ ತಪ್ಪೇತಿ ಅಂತ ತಿಳೀತಾರ, ತಪ್ಪು ಇರೂದು ಚೀಲದಾಗ. ಗಾಳಿ ಆಡದ ಸ್ಟೀಲ್ ಡಬ್ಬಿಯಾಗ ಇಡ್ರಿ.

ಉಳದ ಪ್ಲಾಸ್ಟರ್ ಬಚ್ಚಲಕ್ಕ ಸುರೀಬ್ಯಾಡ್ರಿ. ಪೈಪಿನ್ಯಾಗ ಹೋಗಿ ಕಲ್ಲಾಗತೈತಿ, ಬೌಲಿನ್ಯಾಗ ಗಟ್ಟಿ ಆಗಾಕ ಬಿಟ್ಟು ಬಡದು ಉದುರಿಸಿ ಕಸಕ್ಕ ಹಾಕ್ರಿ.

ಮನಿಗೆ ಕಳಸಲೇಬಾರದ್ದು ಅಂದ್ರ ಮಾನೊಮರ್. ಅಕ್ರಿಲಿಕ್‌ನ ನೀರು ಅಂತೀವಲ್ಲ, ಅದು. ನಮ್ಮ ಕಡಿ ಮಾಮೂಲಿ ಸೆಕಿಗೇ ಅದರ ಆವಿ ಬೆಂಕಿ ಹಿಡಿಯೂವಂಥಾದ್ದು. ಅಡಗಿಮನ್ಯಾಗ ಗ್ಯಾಸ್ ಒಲಿ ಮುಂದ ಕುಂತು ಡೆಂಚರ್ ಬೇಸ್ (ಕಟ್ಟಿದ ಹಲ್ಲಿನ ತಳ) ಮಾಡಬ್ಯಾಡ್ರಿ. ಕ್ಯೂರಿಂಗೂ (ಅಕ್ರಿಲಿಕ್ ಗಟ್ಟಿ ಮಾಡೂದು) ಅಷ್ಟ: 74 ಡಿಗ್ರಿ ನೀರಾಗ ಎಂಟು ತಾಸು, ಇಲ್ಲಾ 74ರಾಗ ಎರಡು ತಾಸು ಇಟ್ಟು ಆಮ್ಯಾಲೆ 100ಕ್ಕ ಒಂದು ತಾಸು. ಸೀದಾ ಕುದಿಯೂ ನೀರಿಗೆ ಹಾಕಿದ್ರ ಒಳಗಿನ ಮಾನೊಮರ್ 100.8 ಡಿಗ್ರಿಗೆ ಕುದ್ದು ದಪ್ಪ ಭಾಗದಾಗೆಲ್ಲಾ ತೂತು. ಇದು ಕಾಲೇಜಿನ ಕೆಲಸ, ಇದರಾಗ ವಾದ ಬ್ಯಾಡ.

ಪ್ರೊಸ್ತೋ ಪಿಜಿ
ಕಾಕಾ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಕಾಲೇಜಿನಲ್ಲೇ ಮಾಡಿದ ಬೇಸ್ ಮತ್ತು ಕ್ಯಾಸ್ಟ್ ಕೊಟ್ಟು ಕಳಿಸಿದರೆ, ಆಕ್ಲೂಷನ್ ರಿಮ್ (ಹಲ್ಲಿನ ಜಾಗದ ಮೇಣದ ಕಟ್ಟೆ) ಆಕಾರ ಕೊಡೋದು ಮನೆಯಲ್ಲಿ ನಡೀತದೆ. ಮೇಲಿನ ರಿಮ್ ಮುಂಭಾಗದಲ್ಲಿ ಸಲ್ಕಸ್‌ನಿಂದ (ತುಟಿ-ಒಸಡಿನ ನಡುವಿನ ಸಂದು) 22 ಮಿ.ಮೀ. ಎತ್ತರ, ಹಿಂದೆ 18. ಕೆಳಗಿನದು ಮುಂದೆ 18, ಹಿಂದೆ ರೆಟ್ರೊಮೋಲರ್ ಪ್ಯಾಡಿನ (ಕೊನೆಯ ದವಡೆ ಹಲ್ಲಿನ ಹಿಂದಿನ ಉಬ್ಬು) ಮೂರನೇ ಎರಡು ಭಾಗದ ಮಟ್ಟಕ್ಕೆ. ರೆಡಿ ರಿಮ್‌ನ ತಳ ಬಿಸಿ ಮಾಡಿ ಅಂಟಿಸೋಕೆ ಮಾತ್ರ ಸ್ಪಿರಿಟ್ ಲ್ಯಾಂಪ್ ಬೇಕು, ಅದನ್ನೂ ಲ್ಯಾಬಿನಲ್ಲೇ ಅಂಟಿಸಿ ಕೊಟ್ಟುಬಿಡಿ.

ಹಲ್ಲು ಜೋಡಣೆ ಮನೆಗೆ ಬೇಡ. ಲ್ಯಾಟರಲ್ ಇನ್ಸೈಸರ್ ಪ್ಲೇನಿಗಿಂತ (ಕಚ್ಚುವ ಮಟ್ಟ) ಅರ್ಧದಿಂದ ಒಂದು ಮಿ.ಮೀ. ಮೇಲೆ, ಕೆನೈನ್ ತುದಿ ಪ್ಲೇನ್ ಮುಟ್ಟಬೇಕು, ಮೊದಲ ಪ್ರೀಮೋಲರಿನ ಬಕ್ಕಲ್ ಕಸ್ಪ್ (ಕೆನ್ನೆ ಕಡೆಯ ತುದಿ) ಮುಟ್ಟಬೇಕು, ಪ್ಯಾಲಟಲ್ ಕಸ್ಪ್ (ಅಂಗುಳ ಕಡೆಯದು) ಅರ್ಧ ಮಿ.ಮೀ. ಬಿಡಬೇಕು, ಮೊದಲ ಮೋಲರಿನಲ್ಲಿ ಮೀಸಿಯೋ-ಪ್ಯಾಲಟಲ್ ಕಸ್ಪ್ ಮಾತ್ರ ಮುಟ್ಟಬೇಕು. ಇವೆಲ್ಲ ಬಾಯಿಪಾಠ ಬರ್ತವೆ. ಆದರೆ ಅರ್ಧ ಮಿಲಿಮೀಟರ್ ಬಿಟ್ಟಿದೆಯೋ ಇಲ್ಲವೋ ಅನ್ನೋದು ಫೋಟೋದಲ್ಲಿ ಗೊತ್ತಾಗೋದಿಲ್ಲ. ಆರ್ಟಿಕ್ಯುಲೇಟರ್ (ಎರಡು ದವಡೆ ಮಾದರಿ ಕೂಡಿಸುವ ಚೌಕಟ್ಟು) ಕೈಯಲ್ಲಿ ಹಿಡಿದು, ಗಾಜಿನ ಪ್ಲೇಟ್ ಇಟ್ಟು, ಬೆಳಕಿಗೆ ಒಡ್ಡಿ ನೋಡಬೇಕಾದ್ದು.

245
ನನ್ನ ಹೆಸರು ನೋಡಿ ಯಾವ ವಿಷಯ ಅಂತ ಗೊತ್ತಾಗಿರಬೇಕು. ಕನ್ಸರ್ವೇಟಿವ್‌ನಲ್ಲಿ ಕ್ಲಾಸ್ ಎರಡು ಕ್ಯಾವಿಟಿಯನ್ನ (ಹಿಂದಿನ ಹಲ್ಲಿನ ಪಕ್ಕದ ಮುಖದ ಕುಳಿ) ಆನ್‌ಲೈನಿನಲ್ಲಿ "ಮುಗಿಸಿದ್ದೇವೆ" ಅಂದವರಿಗೆ ಒಂದು ಪ್ರಶ್ನೆ: ಆಳ ಯಾರು ಅಳೆದರು?

245 ಬರ್‌ನ (ಕೊರೆಯುವ ಮೊನೆಯ) ತಲೆ 3 ಮಿ.ಮೀ. ಉದ್ದ, 0.8 ವ್ಯಾಸ. ಅಮಾಲ್ಗಮ್‌ಗೆ (ಪಾದರಸ ಬೆರೆತ ಲೋಹದ ಭರ್ತಿ) ಸೆಂಟ್ರಲ್ ಗ್ರೂವ್ ಹತ್ತಿರ ಒಂದೂವರೆ ಮಿ.ಮೀ. ಆಳ, ಅಂದರೆ ತಲೆಯ ಅರ್ಧ ಮುಳುಗಬೇಕು. ಇಸ್ಥ್ಮಸ್ (ಕುಳಿಯ ಕಿರಿದಾದ ನಡು) ಅಗಲ ಎರಡು ಕಸ್ಪ್ ತುದಿಗಳ ನಡುವಿನ ಅಂತರದ ನಾಲ್ಕನೇ ಒಂದು ಭಾಗ. ಇದಕ್ಕಿಂತ ಆಳ ಕಡಿಮೆ ಆದರೆ ಅಮಾಲ್ಗಮ್ ತೆಳುವಾಗಿ ಇಸ್ಥ್ಮಸ್‌ನಲ್ಲೇ ಮುರೀತದೆ, ಅಗಲ ಹೆಚ್ಚಾದರೆ ಕಸ್ಪ್ ಮುರೀತದೆ. ಆಕ್ಸಿಯೋ-ಪಲ್ಪಲ್ (ಕುಳಿಯ ತಳ ಮತ್ತು ಒಳಗೋಡೆ ಕೂಡುವ) ಕೋನ ಚೂಪಾಗಿ ಬಿಟ್ಟರೆ ಅಲ್ಲೇ ಒತ್ತಡ ಕೂಡಿ ಬಿರುಕು. ಪಕ್ಕದ ಹಲ್ಲಿಗೆ ಬರ್ ತಾಗಬಾರದು ಅಂತ ಮ್ಯಾಟ್ರಿಕ್ಸ್ ಬ್ಯಾಂಡ್ ಕಟ್ಟಿ ಕೆಲಸ ಮಾಡೋದು ಕಲಿಸ್ತೀವಿ. ಇದನ್ನೆಲ್ಲ ವಿಡಿಯೋ ನೋಡಿ ಬರೆದು ತೋರಿಸಬಹುದು. ಏರೋಟರ್ (ಗಾಳಿಯಿಂದ ತಿರುಗುವ ಕೊರೆಯೋ ಯಂತ್ರ) ಮೂರು ಲಕ್ಷಕ್ಕಿಂತ ಹೆಚ್ಚು ಆರ್‌ಪಿಎಂ ತಿರುಗ್ತದೆ, ಆದರೆ ಟಾರ್ಕ್ ಕಡಿಮೆ. ಒತ್ತಿದರೆ ನಿಧಾನವಾಗಿ ನಿಂತೇಬಿಡ್ತದೆ, ಸದ್ದು ಬದಲಾಗ್ತದೆ. ಎಷ್ಟು ಹಗುರ ಮುಟ್ಟಬೇಕು ಅನ್ನೋದನ್ನ ಆ ಸದ್ದು, ಬೆರಳಿನ ನಡುಕ ಹೇಳ್ತವೆ. ಸ್ಪೀಕರಿನಲ್ಲಿ ಬರೋ ಸದ್ದು ಅದಲ್ಲ.

ಮನೆಯಲ್ಲಿ ಮಾಡಿಸಬಹುದಾದ್ದು ಇದರ ಮುಂಚಿನ ಹಂತ. ಗ್ರಾಫ್ ಕಾಗದದ ಮೇಲೆ ಮೋಲರಿನ ಆಕ್ಲೂಸಲ್ ಚಿತ್ರ, ಎದುರಿಗೆ ಮೌತ್ ಮಿರರ್ ನಿಲ್ಲಿಸಿ, ಕನ್ನಡಿಯಲ್ಲಿ ಮಾತ್ರ ನೋಡುತ್ತ ಗೆರೆ ತಿದ್ದಬೇಕು. ಕಿರುಬೆರಳು, ಅದರ ಪಕ್ಕದ ಬೆರಳು ಊರಿರಬೇಕು, ಪೆನ್ಸಿಲ್ ಪೆನ್ನಿನಂತೆ ಹಿಡಿದಿರಬೇಕು. ಗೆರೆ ಅರ್ಧ ಮಿ.ಮೀ. ಒಳಗೆ ಉಳಿಯುವ ತನಕ ದಿನಾ ಹತ್ತು ನಿಮಿಷ. ಮೇಲ್ದವಡೆಯ ಹಿಂದಿನ ಹಲ್ಲಿಗೆ ಕನ್ನಡಿ ಬಿಟ್ಟರೆ ದಾರಿಯಿಲ್ಲ. ಇದು ಬಂದವರು ಫ್ಯಾಂಟಮ್ ಹೆಡ್ (ಅಭ್ಯಾಸದ ಗೊಂಬೆ ತಲೆ) ಮುಂದೆ ಕೂತಾಗ ಬರ್ ಯಾವ ಕಡೆ ಹೋಗ್ತಿದೆ ಅಂತ ತಡಕಾಡೋದಿಲ್ಲ.

ನವಲೂರ ಪೇರಲ
ಸರ್, ಕಾಲೇಜಿಗೆ ವಾಪಸ್ ಬಂದ ಮೇಲೆ ಒಬ್ಬರೇ ಮೇಷ್ಟ್ರು, ಅರ್ಧ ಬ್ಯಾಚ್. ಆಳದ ತಪಾಸಣೆಗೆ ಸಾಲು ಹಚ್ಚೋದು ತಪ್ಪಿಸೋಕೆ ದಾರಿ ಏನಾದ್ರೂ ಇದೆಯಾ?

245
ಇದೆ. ಕ್ಯಾವಿಟಿಗೆ ಪುಟ್ಟಿ (ಅಚ್ಚು ತೆಗೆಯೋ ಹಿಟ್ಟಿನಂಥ ವಸ್ತು) ಒತ್ತಿ ಅಚ್ಚು ತೆಗೀರಿ, ಸೆಟ್ ಆದ ಮೇಲೆ ಬ್ಲೇಡಿನಿಂದ ಮೀಸಿಯೋ-ಡಿಸ್ಟಲ್ ದಿಕ್ಕಿನಲ್ಲಿ ಸೀಳಿ. ಸೀಳಿದ ಮುಖದಲ್ಲಿ ಆಳ, ಗೋಡೆಯ ಓರೆ, ಜಿಂಜೈವಲ್ ಸೀಟ್ (ಒಸಡಿನ ಕಡೆಯ ತಳ) ಎಲ್ಲಾ ಕಾಣ್ತವೆ. ಸ್ಕೇಲ್ ಇಟ್ಟು ಫೋಟೋ ತೆಗೆದು ಗುಂಪಿಗೆ ಹಾಕಿದರೆ ಮೇಷ್ಟ್ರು ಸಂಜೆ ಕೂತು ನೋಡಬಹುದು. ತಮ್ಮ ತಪ್ಪು ತಾವೇ ಅಳೆಯೋದು ವಿದ್ಯಾರ್ಥಿಗೂ ಬರ್ತದೆ.

ಅಂದಹಾಗೆ, ಏರೋಸಾಲ್ ಹೆದರಿಕೆಗೆ ಫ್ಯಾಂಟಮ್ ಲ್ಯಾಬ್ ಮುಚ್ಚಿದ್ದು ನನಗೆ ಒಪ್ಪಿಗೆಯಾಗದ ವಿಚಾರ. ಪ್ಲಾಸ್ಟಿಕ್ ಹಲ್ಲಿಗೆ ಎಂಜಲಿಲ್ಲ. ಅಲ್ಲಿ ಅಪಾಯ ಇದ್ದದ್ದು ಒಂದೇ ಕೋಣೆಯ ಜನಜಂಗುಳಿ ಮತ್ತು ಅದೇ ಗಾಳಿ ತಿರುಗಿಸೋ ಏಸಿಯಿಂದ. ಒಂದು ಬಿಟ್ಟು ಒಂದು ಯೂನಿಟ್, ಕಿಟಕಿ ತೆರೆದು, ಮಾಸ್ಕ್ ಹಾಕಿ ನಡೆಸಬಹುದಿತ್ತು. ರೋಗಿಯ ಬಾಯಲ್ಲಿ ಅಲ್ಟ್ರಾಸಾನಿಕ್ ಸ್ಕೇಲರ್ ಹಾಕೋದು ಬೇರೆ ಮಾತು, ಅದನ್ನ ನಿಲ್ಲಿಸಿದ್ದು ಸರಿ.

ಹಾನಗಲ್ ಮಳೆ
ಕಿತ್ತಿದ ಹಲ್ಲು ಮನಿಗೆ ಒಯ್ದು ಪ್ರ್ಯಾಕ್ಟೀಸ್ ಮಾಡಬಹುದಾ ಸರ್? ಟೈಪೊಡಾಂಟ್ (ಅಭ್ಯಾಸದ ಪ್ಲಾಸ್ಟಿಕ್) ಹಲ್ಲು ತುಟ್ಟಿ.

245
ಸೋಂಕು ತೆಗೆಯದ ಹಲ್ಲನ್ನ ಮನೆಗೆ ಒಯ್ಯಬೇಡಿ. 121 ಡಿಗ್ರಿಯಲ್ಲಿ 40 ನಿಮಿಷ ಆಟೋಕ್ಲೇವ್ ಮಾಡಬೇಕು. ಅಮಾಲ್ಗಮ್ ತುಂಬಿದ ಹಲ್ಲು ಆಟೋಕ್ಲೇವಿಗೆ ಹಾಕಲೇಬಾರದು, ಪಾದರಸದ ಆವಿ ಬರ್ತದೆ. ಅದನ್ನ 10 ಶೇಕಡಾ ಫಾರ್ಮಲಿನ್‌ನಲ್ಲಿ ಎರಡು ವಾರ ಮುಳುಗಿಸಿಡಬೇಕು. ಒಣಗಲು ಬಿಟ್ಟ ಹಲ್ಲು ಕೊರೆಯುವಾಗ ಸಿಡೀತದೆ, ಒದ್ದೆಯಾಗೇ ಇಡಬೇಕು. ಇಷ್ಟು ಆದ ಮೇಲೂ ಮನೆಯಲ್ಲಿ ಏರೋಟರ್ ಇಲ್ಲ. ಹಾಗಾಗಿ ಅದು ಹಲ್ಲಿನ ಆಕಾರ ನೋಡಿ ಕಲಿಯೋಕೆ ಮಾತ್ರ.

ಗ್ರೌಂಡ್ ಸೆಕ್ಷನ್
ಹಿಸ್ಟಾಲಜಿ (ಅಂಗಾಂಶ ಶಾಸ್ತ್ರ) ಬಗ್ಗೆ ಯಾರೂ ಬರೀಲಿಲ್ಲ. ಆನ್‌ಲೈನಿನಿಂದ ಲಾಭ ಆದ ವಿಷಯ ಇದೊಂದೇ ಅಂದರೂ ನಡೀತದೆ. ಲ್ಯಾಬಿನಲ್ಲಿ ಒಂದು ಸ್ಲೈಡಿಗೆ ಮೈಕ್ರೋಸ್ಕೋಪ್ ಮುಂದೆ ನಾಲ್ಕು ಜನ, ಪಾಯಿಂಟರ್ ಎಲ್ಲಿದೆ ಅಂತ ಹುಡುಕೋದರಲ್ಲೇ ಹೊತ್ತು ಹೋಗ್ತದೆ. ಪರದೆಯ ಮೇಲೆ ಎಲ್ಲರೂ ಒಂದೇ ಜಾಗ ನೋಡ್ತಾರೆ, ಗ್ರೌಂಡ್ ಸೆಕ್ಷನ್ನು (ಹಲ್ಲನ್ನ ಉಜ್ಜಿ ತೆಳು ಮಾಡಿದ್ದು) ಮತ್ತು ಡಿಕ್ಯಾಲ್ಸಿಫೈಡ್ ಸೆಕ್ಷನ್ನು (ಆಮ್ಲದಲ್ಲಿ ಖನಿಜ ಕರಗಿಸಿ ಕತ್ತರಿಸಿದ್ದು) ಅಕ್ಕಪಕ್ಕ ಇಟ್ಟು ತೋರಿಸಬಹುದು. ಎನಾಮೆಲ್ ತೂಕದಲ್ಲಿ 96 ಶೇಕಡಾ ಖನಿಜ, ಆಮ್ಲದಲ್ಲಿ ಕರಗಿಹೋಗ್ತದೆ, ಅದಕ್ಕೆ ಡಿಕ್ಯಾಲ್ಸಿಫೈಡ್‌ನಲ್ಲಿ ಆ ಜಾಗ ಖಾಲಿ. ಅಕ್ಕಪಕ್ಕ ನೋಡಿದವರು ಇದನ್ನ ಮರೆಯೋದಿಲ್ಲ.

ಕೊರತೆ ಒಂದು: ಫೋಟೋ ಒಂದೇ ಫೋಕಸ್‌ನದು. ಗ್ರೌಂಡ್ ಸೆಕ್ಷನ್ ದಪ್ಪ ಇರ್ತದೆ, ಫೈನ್ ಫೋಕಸ್ ತಿರುಗಿಸುತ್ತ ನೋಡಿದರೇನೇ ಎನಾಮೆಲ್ ಟಫ್ಟ್ ಮತ್ತು ಲ್ಯಾಮೆಲ್ಲಾ (ಎನಾಮೆಲ್ ಒಳಗಿನ ಎರಡು ರಚನೆಗಳು) ಬೇರೆ ಬೇರೆ ಅಂತ ತಿಳಿಯೋದು. ಐಪೀಸಿಗೆ ಮೊಬೈಲ್ ಕಟ್ಟಿ, ಫೋಕಸ್ ನಾಬ್ ಸಾವಕಾಶ ತಿರುಗಿಸುತ್ತ ಇಪ್ಪತ್ತು ಸೆಕೆಂಡಿನ ಕ್ಲಿಪ್ ತೆಗೆದರೆ ಸಾಕು.

ಲಿಗ್ನೊ
ಓರಲ್ ಸರ್ಜರಿ. ಮನೆಯಲ್ಲಿ ಕಲಿಯೋಕೆ ಬರುವಂಥದ್ದು ಲೆಕ್ಕ, ಗುರುತುಗಳು, ಹೊಲಿಗೆ. ಸೂಜಿ ಚುಚ್ಚೋದು ಅಲ್ಲ.

ಲೆಕ್ಕ: 2 ಶೇಕಡಾ ಲಿಗ್ನೊಕೇನ್ (ಮರಗಟ್ಟಿಸುವ ಔಷಧ) ಅಂದರೆ ಮಿ.ಲೀ.ಗೆ 20 ಮಿ.ಗ್ರಾಂ. ಅಡ್ರಿನಲಿನ್ ಇದ್ದರೆ ಕೆ.ಜಿ.ಗೆ 7 ಮಿ.ಗ್ರಾಂ ಮಿತಿ, ಇಲ್ಲದಿದ್ದರೆ 4.4. 60 ಕೆ.ಜಿ. ವ್ಯಕ್ತಿಗೆ 420 ಮಿ.ಗ್ರಾಂ, ಅಂದರೆ 21 ಮಿ.ಲೀ.; ಅಡ್ರಿನಲಿನ್ ಇಲ್ಲದ್ದು 264, ಅಂದರೆ 13.2 ಮಿ.ಲೀ. ಮಗುವಿನ ತೂಕ ಕೊಟ್ಟು ಇಂಥ ಇಪ್ಪತ್ತು ಲೆಕ್ಕ ಮಾಡಿಸಿ. 30 ಮಿ.ಲೀ. ವೈಯಲ್ ಎದುರಿಗಿದ್ದರೆ ಎಷ್ಟು ಎಳೆದೆವು ಅನ್ನೋದರ ಮೇಲೆ ನಿಗಾ ತಪ್ಪೋದು ಸುಲಭ.

ಇನ್‌ಫೀರಿಯರ್ ಆಲ್ವಿಯೋಲಾರ್ ಬ್ಲಾಕ್‌ನ (ಕೆಳದವಡೆ ಮರಗಟ್ಟಿಸುವ ಇಂಜೆಕ್ಷನ್) ಗುರುತುಗಳನ್ನ ಕೈ ತೊಳೆದು ತಮ್ಮ ಬಾಯಲ್ಲೇ ಹುಡುಕಬಹುದು. ಹೆಬ್ಬೆರಳಿಗೆ ಕೊರೊನಾಯ್ಡ್ ನಾಚ್ (ದವಡೆ ಮೂಳೆಯ ತಗ್ಗು) ಸಿಗ್ತದೆ. ಬಾಯಿ ಪೂರ್ತಿ ತೆರೆದು ಕನ್ನಡಿಯಲ್ಲಿ ನೋಡಿದರೆ ಟೆರಿಗೊ-ಮ್ಯಾಂಡಿಬ್ಯುಲರ್ ರೇಫೆ (ಕೆನ್ನೆಯ ಹಿಂಭಾಗದ ಮಡಿಕೆ) ಹಗ್ಗದಂತೆ ಎದ್ದು ಕಾಣ್ತದೆ. ಸಿರಿಂಜ್ ಎದುರು ಬದಿಯ ಪ್ರೀಮೋಲರ್ ಮೇಲೆ, ಆಳ 20-25 ಮಿ.ಮೀ., ಮೂಳೆ ತಾಗಬೇಕು, ತುಸು ಹಿಂದೆಳೆದು ಆಸ್ಪಿರೇಟ್ ಮಾಡಿ (ರಕ್ತ ಬರ್ತದೋ ಅಂತ ಎಳೆದು ನೋಡಿ) ಸಾವಕಾಶ ಬಿಡಬೇಕು. ಬೇಗನೇ ಮೂಳೆ ತಾಗಿದರೆ ತುದಿ ಮುಂದಿದೆ, ಸಿರಿಂಜನ್ನ ಎದುರಿನ ಕೆನೈನ್ ಕಡೆ ತರಬೇಕು. ಮೂಳೆ ತಾಗದಿದ್ದರೆ ತುದಿ ಹಿಂದಿದೆ, ಸಿರಿಂಜ್ ಎದುರಿನ ಮೋಲರ್ ಕಡೆ ಹೋಗಬೇಕು. ಮೂಳೆ ತಾಗದೆಯೇ ಔಷಧ ಬಿಟ್ಟರೆ ಪರೋಟಿಡ್ ಗ್ರಂಥಿಯೊಳಗೆ ಹೋಗಿ ಅರ್ಧ ಮುಖ ತಾತ್ಕಾಲಿಕವಾಗಿ ಸೊಟ್ಟಗಾಗ್ತದೆ. ವೈವಾದಲ್ಲಿ ಇದನ್ನ ಬಾಯಲ್ಲಿ ಹೇಳೋರು ಬಹಳ; ಪೆನ್ನು ಹಿಡಿದು ತಲೆಬುರುಡೆ ಮಾದರಿಯ ಮೇಲೆ ತೋರಿಸಿ ಅಂದರೆ ಅರ್ಧದಷ್ಟು ಜನ ದಿಕ್ಕು ಅದಲುಬದಲು ಮಾಡ್ತಾರೆ. ಕ್ಯಾಮೆರಾ ಮುಂದೆ ಇದನ್ನೇ ಕೇಳಬೇಕು.

ಹೊಲಿಗೆಗೆ ಬಾಳೆಹಣ್ಣಿನ ಸಿಪ್ಪೆ ಸಾಕು. 3-0 ರೇಷ್ಮೆ ದಾರ, ಸೂಜಿಯನ್ನ ತುದಿಯಿಂದ ಮೂರನೇ ಎರಡು ಭಾಗದಲ್ಲಿ ಹಿಡಿದು, ಅಂಚಿನಿಂದ 2-3 ಮಿ.ಮೀ. ದೂರ, ನೆಟ್ಟಗೆ ಚುಚ್ಚಿ. ಬಿಗಿ ಎಳೆದರೆ ಸಿಪ್ಪೆ ಹರೀತದೆ, ಒಸಡೂ ಹಾಗೇ. ಗಂಟು ಸೀಳಿನ ಮೇಲೆ ಬೇಡ, ಪಕ್ಕಕ್ಕಿರಲಿ. ಬಳಸಿದ ಸೂಜಿ ಕಸದ ಗಾಡಿಗೆ ಹಾಕಬೇಡಿ, ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕಾಲೇಜಿಗೆ ವಾಪಸ್ ಕೊಡಿ.

ಒಪಿಡಿ ಚೀಟಿ
ಕೇಸ್ ಹಿಸ್ಟರಿ ಫೋನಿನ ಮೇಲೆ ಕಲಿಸಿದರೆ ಎದುರಿಗೆ ಕಲಿಸಿದ್ದಕ್ಕಿಂತ ಗಟ್ಟಿಯಾಗ್ತದೆ ಅಂತ ನನ್ನ ವಾದ. ಬಾಯಿ ಕಾಣೋದಿಲ್ಲ, ಹಾಗಾಗಿ ಕೇಳಲೇಬೇಕು. ಒಬ್ಬ ವಿದ್ಯಾರ್ಥಿ ರೋಗಿಯ ಪಾತ್ರ: "ದವಡಿ ಹಲ್ಲು ಝುಮ್ ಅಂತೈತ್ರೀ." ಇನ್ನೊಬ್ಬರು ಕೇಳಬೇಕು: ತಣ್ಣೀರು ಕುಡಿದಾಗಲೋ, ಸುಮ್ಮನೇ ಕೂತಾಗಲೋ? ನೀರು ನುಂಗಿದ ಮೇಲೆ ಕೂಡಲೇ ನಿಲ್ತದೋ, ಬಹಳ ಹೊತ್ತು ಉಳೀತದೋ? ರಾತ್ರಿ ನಿದ್ದೆ ಕೆಡಿಸ್ತದೋ? ಕೂಡಲೇ ನಿಂತರೆ ರಿವರ್ಸಿಬಲ್ (ಹಲ್ಲಿನ ತಿರುಳಿನ ಉರಿಯೂತ, ವಾಸಿಯಾಗುವಂಥದ್ದು) ಕಡೆ ಯೋಚನೆ. ತಾನಾಗಿ ಬಂದು, ಉಳಿದು, ರಾತ್ರಿ ಎಬ್ಬಿಸಿದರೆ ಇರ್‌ರಿವರ್ಸಿಬಲ್. ಹಲ್ಲಿನ ಬುಡಕ್ಕೆ ಏನಿಟ್ಟಿದ್ದೀರಿ ಅಂತ ಕೇಳೋದು ಮರೀಬೇಡಿ: ಲವಂಗದೆಣ್ಣೆಯೋ, ತಂಬಾಕೋ, ಆಸ್ಪಿರಿನ್ ಗುಳಿಗೆಯೋ. ಗುಳಿಗೆ ಇಟ್ಟಿದ್ದರೆ ಒಸಡು ಸುಟ್ಟು ಬೆಳ್ಳಗಾಗಿರ್ತದೆ, ಅದನ್ನ ಬೇರೆ ರೋಗ ಅಂತ ಬರೆಯೋರಿದ್ದಾರೆ.

ಮುಖ್ಯವಾದದ್ದು ಯಾರನ್ನ ಕಾಯಿಸಬಾರದು ಅನ್ನೋದು. ದವಡೆ ಕೆಳಗೆ ಬಾವು, ಜ್ವರ, ಬಾಯಿ ತೆರೆಯೋಕೆ ಆಗದಿರೋದು, ಎಂಜಲು ನುಂಗೋಕೆ ಕಷ್ಟ, ನಾಲಗೆ ಮೇಲೆದ್ದಂತೆ ಅನ್ನಿಸೋದು ಅಂತ ಹೇಳಿದರೆ ಫೋನಿನಲ್ಲಿ ಮಾತ್ರೆ ಬರೆಯಬಾರದು, ಅದೇ ಹೊತ್ತಿಗೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಉಸಿರಿನ ದಾರಿ ಮುಚ್ಚುವ ಸೋಂಕು ಅದು.

ಮುಂಡರಗಿ ಬಾವಿ
ಪಬ್ಲಿಕ್ ಹೆಲ್ತ್ ವಿಭಾಗದ ಶಿಬಿರ ಎಲ್ಲಾ ನಿಂತವು. ಆದರೆ ಎಕ್ಸಾಮಿನರ್ ಕ್ಯಾಲಿಬ್ರೇಷನ್ (ಎಲ್ಲರೂ ಒಂದೇ ರೀತಿ ಅಂಕ ಹಾಕುವಂತೆ ತಾಳೆ ನೋಡೋದು) ಆನ್‌ಲೈನಿನಲ್ಲೇ ಸಲೀಸು. ಗದಗ ಜಿಲ್ಲೆಯಲ್ಲಿ, ಮುಂಡರಗಿ ಕಡೆ, ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು ಅನ್ನೋದು ಹಳೇ ವಿಷಯ. ಕುಡಿಯೋ ನೀರಿಗೆ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಸರಿ, ಬೇರೆ ನೀರು ಇಲ್ಲದಿದ್ದರೆ ಒಂದೂವರೆ ತನಕ ಮಿತಿ. ಒಂದೇ ಫೋಟೋ ಗುಂಪನ್ನ ಎಲ್ಲರೂ ಡೀನ್ ಸೂಚ್ಯಂಕದ (ಫ್ಲೋರೈಡ್‌ನಿಂದ ಹಲ್ಲಿಗೆ ಬರುವ ಫ್ಲೋರೋಸಿಸ್ ಎಷ್ಟು ತೀವ್ರ ಅನ್ನೋ ಅಳತೆ) ಮೇಲೆ ಅಂಕ ಹಾಕಿ, ವಾರ ಬಿಟ್ಟು ಕ್ರಮ ಅದಲುಬದಲು ಮಾಡಿ ಮತ್ತೆ ಹಾಕಿದರೆ, ಕಪ್ಪಾ (ಅಂಕಗಳು ಎಷ್ಟು ಹೊಂದ್ತವೆ ಅನ್ನೋ ಅಳತೆ) ಲೆಕ್ಕ ಹಾಕಿ ಯಾರು ಎಲ್ಲಿ ತೂಗಾಡ್ತಾರೆ ಅಂತ ತಿಳೀತದೆ. ತೂಗಾಡೋದು ಬಹುತೇಕ "ಕ್ವೆಶ್ಚನಬಲ್" ಮತ್ತು "ವೆರಿ ಮೈಲ್ಡ್" ನಡುವೆ. ಹೆಚ್ಚು ಕೆಟ್ಟ ಎರಡು ಹಲ್ಲು ನೋಡಬೇಕು. ಆ ಎರಡೂ ಒಂದೇ ಸಮ ಇಲ್ಲದಿದ್ದರೆ ಕಡಿಮೆ ಕೆಟ್ಟದ್ದರ ಅಂಕ. ಈ ನಿಯಮವನ್ನ ಉಲ್ಟಾ ಮಾಡೋರು ಸಾಕಷ್ಟು.

ಫ್ಲ್ಯಾಶ್ ಫೋಟೋ ಬೇಡ, ಇನ್ಸೈಸರ್ ಮೇಲಿನ ಹೊಳಪು ಬಿಳಿ ಕಲೆಯಂತೆ ಕಂಡು ಅಂಕ ಏರ್ತದೆ. ಎರಡೂ ಬದಿ ಸಮನಾಗಿ, ಅಂಚಿನ ಕಡೆ ಹೆಚ್ಚಿದ್ದರೆ ಫ್ಲೋರೋಸಿಸ್. ಒಂದೇ ಹಲ್ಲಿನ ನಡುವೆ ದುಂಡನೆಯ ಕಲೆ ಇದ್ದರೆ ಬೇರೆ ಕಾರಣ ಹುಡುಕಿ. ಟಿಎಫ್ ಸೂಚ್ಯಂಕ (ಫ್ಲೋರೋಸಿಸ್‌ನ ಇನ್ನೊಂದು ಅಳತೆ) ಫೋಟೋದಲ್ಲಿ ಬೇಡ, ಅದಕ್ಕೆ ಹಲ್ಲು ಒಣಗಿಸಿ ನೋಡಬೇಕು.

ಊರಲ್ಲೇ ಇದ್ದೀರಿ ಅಂತ ಅಕ್ಕಪಕ್ಕದ ಮಕ್ಕಳ ಬಾಯಿ ಫೋಟೋ ತೆಗೆದು ಗುಂಪಿಗೆ ಹಾಕೋದು ಮಾತ್ರ ಸಲ್ಲ. ತಂದೆ-ತಾಯಿಯ ಲಿಖಿತ ಒಪ್ಪಿಗೆ, ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಇಲ್ಲದೆ ಒಂದೂ ಬೇಡ. ವಿಭಾಗದ ಹಳೇ ಸಂಗ್ರಹ ಬಳಸಿ.

ಸರ್ವರ್ ಕೋಣೆ
ಪರೀಕ್ಷೆ ಬಗ್ಗೆಯೂ ಎರಡು ಮಾತು. ಬಹು ಆಯ್ಕೆಯ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಕ್ರಮದಲ್ಲಿ ಕೊಟ್ಟರೆ ಐದೇ ನಿಮಿಷದಲ್ಲಿ ಉತ್ತರ ಬೇರೆ ಗುಂಪಿನಲ್ಲಿ ಹರಿದಾಡ್ತವೆ. ಗೂಗಲ್ ಫಾರ್ಮ್‌ನಲ್ಲಿ ಪ್ರಶ್ನೆ ಮತ್ತು ಆಯ್ಕೆ ಎರಡನ್ನೂ ಕಲಸುವ ಸೌಲಭ್ಯ ಇದೆ, ಹಾಕಿ. ಅದಕ್ಕಿಂತ ಒಳ್ಳೇದು ಪುಸ್ತಕ ತೆರೆದೇ ಬರೆಯೋ ಪ್ರಶ್ನೆ: ಲಿಗ್ನೊ ಸರ್ ಹೇಳಿದಂತೆ ಒಬ್ಬೊಬ್ಬರಿಗೂ ಬೇರೆ ತೂಕ ಕೊಟ್ಟು ಲೆಕ್ಕ, 245 ಸರ್ ಹೇಳಿದ ಸೀಳಿದ ಪುಟ್ಟಿಯ ಫೋಟೋ ಕೊಟ್ಟು ತಪ್ಪು ಗುರುತಿಸಿ ಅನ್ನೋದು. ನಕಲು ಮಾಡೋಕೆ ಏನೂ ಇರೋದಿಲ್ಲ.

ಲ್ಯಾಬ್ ಕಾಕಾ
ಮತ್ತ ಕಾಲೇಜು ತೆರದ ಮ್ಯಾಲಿನ ಮಾತು ಒಂದು ಉಳೀತು. ತಿಂಗಳುಗಟ್ಟಲೆ ಬಂದ್ ಬಿದ್ದ ಚೇರಿನ ನೀರಿನ ಪೈಪಿನ್ಯಾಗ ಪಾಚಿಯಂಗ ಬಯೋಫಿಲ್ಮ್ ಕಟ್ಟಿರತೈತಿ. ಏರೋಟರ್, ಸ್ಕೇಲರ್ ತಗದು, ಪ್ರತಿ ಪೈಪಿನಿಂದ ಕೆಲವು ನಿಮಿಷ ನೀರು ಹರಿಬಿಡ್ರಿ. ಅಷ್ಟಕ್ಕ ಬಿಡಬ್ಯಾಡ್ರಿ, ಕಂಪನಿ ಹೇಳಿದ ದ್ರಾವಣ ಹಾಕಿ ಶಾಕ್ ಟ್ರೀಟ್‌ಮೆಂಟ್ ಮಾಡಿ, ಆಮ್ಯಾಲೆ ನೀರು ಪರೀಕ್ಷಾ ಮಾಡಸ್ರಿ. ಮಿ.ಲೀ.ಗೆ 500 ಸಿಎಫ್‌ಯು (ಬ್ಯಾಕ್ಟೀರಿಯಾ ಎಣಿಕಿ) ಒಳಗ ಬರಬೇಕು. ಕಂಪ್ರೆಸರ್ ಟಾಕಿ ತಳದಾಗ ನೀರು ನಿಂತಿರತೈತಿ, ಕೆಳಗಿನ ವಾಲ್ವ್ ಬಿಚ್ಚಿ ಅದನ್ನ ತಗದ ಮ್ಯಾಲೆನ ಚಾಲೂ ಮಾಡ್ರಿ. ಇಲ್ಲಂದ್ರ ಆ ತುಕ್ಕಿನ ನೀರು ಏರೋಟರ್ ಬೇರಿಂಗಿಗೆ ಹೋಗತೈತಿ.

ಹಾನಗಲ್ ಮಳೆ
ಕಾಕಾ, ಮನಿಗೆ ಒಯ್ದ ಲೆಕ್ರಾನ್ ಕಾರ್ವರ್ ಮೊಂಡಾಗೇತಿ. ಮೇಣ ಕತ್ತರಿಸೂದಿಲ್ಲ, ಕೆರೀತೈತಿ. ಮನಿಯಾಗಿನ ಸಾಣಿಕಲ್ಲಿಗೆ ಹಚ್ಚಲೇನು?

ಲ್ಯಾಬ್ ಕಾಕಾ
ಉಳ್ಳಾಗಡ್ಡಿ ಹೆಚ್ಚೂ ಚಾಕು ಮಸೆಯೂ ಒರಟು ಕಲ್ಲಿಗೆ ಹಚ್ಚಬ್ಯಾಡವಾ, ಅಂಚು ಗರಗಸದಂಗ ಆಗತೈತಿ. ಸಣ್ಣ ನುಣುಪಿನ ಅರ್ಕಾನ್ಸಾಸ್ ಕಲ್ಲು ಇದ್ರ ಒಂದು ಹನಿ ಎಣ್ಣಿ ಹಾಕಿ, ಬ್ಲೇಡಿನ ಓರೆ ಇದ್ದಷ್ಟ ಕೋನದಾಗ ಹಗುರ ಎಳಿ. ಇಲ್ಲಂದ್ರ 1000 ನಂಬರಿನ ವಾಟರ್ ಪೇಪರ್ ಹಾರ್ಡ್‌ವೇರ್ ಅಂಗಡ್ಯಾಗ ಸಿಗತೈತಿ, ಗಾಜಿನ ಮ್ಯಾಲೆ ಹಾಸಿ ನೀರು ಚಿಮುಕಿಸಿ ತಿಕ್ಕು. ಚಮಚದಂಥಾ ತುದಿಗೆ ಅದೇ ಪೇಪರ್ ಪೆನ್ಸಿಲಿಗೆ ಸುತ್ತಿ ಒಳಗಿನಿಂದ ತಿಕ್ಕು.